ಫಾರ್ಮ್ಯಾಟ್ ಮಾಡಲೇ ಎಂದು ಕೇಳುವ ಹಾರ್ಡ್ ಡಿಸ್ಕ್

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೈಕೊಟ್ಟಾಗ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: ‘ಓಪನ್ ಆಗ್ತಿಲ್ಲ’. ಕೇಬಲ್ ಸಡಿಲವಾದರೂ ಓಪನ್ ಆಗುವುದಿಲ್ಲ, ಫೈಲುಗಳ ಪಟ್ಟಿ ಕೆಟ್ಟರೂ ಓಪನ್ ಆಗುವುದಿಲ್ಲ, ಒಳಗಿನ ಓದು-ಬರಹದ ಹೆಡ್ ಮುರಿದು ತಿರುಗುವ ತಟ್ಟೆಯನ್ನು ಕೆರೆಯುತ್ತಿದ್ದರೂ ಓಪನ್ ಆಗುವುದಿಲ್ಲ. ಮೂರಕ್ಕೂ ಲಕ್ಷಣ ಒಂದೇ, ಮದ್ದು ಮಾತ್ರ ಬೇರೆ ಬೇರೆ. ಒಂದರ ಮದ್ದು ಇನ್ನೊಂದಕ್ಕೆ ವಿಷ. ಈ ಗೊಂದಲಕ್ಕೆ ವಿಂಡೋಸ್ ತನ್ನ ಪಾಲನ್ನೂ ಸೇರಿಸುತ್ತದೆ. ಡಿಸ್ಕಿನ ಆರಂಭದಲ್ಲಿ ಬರೆದಿರುವುದು ತನಗೆ ಅರ್ಥವಾಗದಿದ್ದರೆ ಅದು ‘ಅರ್ಥವಾಗಲಿಲ್ಲ’ ಎಂದು ಒಪ್ಪಿಕೊಳ್ಳುವ ಬದಲು ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?’ ಎಂದು ಕೇಳುತ್ತದೆ. ಹತ್ತು ವರ್ಷದ ಫೋಟೊ ತುಂಬಿದ ಡಿಸ್ಕಿಗೂ ಅದೇ ಪ್ರಶ್ನೆ, ಇನ್ನೂ ಫಾರ್ಮ್ಯಾಟ್ ಆಗದ ಖಾಲಿ ಡಿಸ್ಕಿಗೂ ಅದೇ ಪ್ರಶ್ನೆ.

ಇಲ್ಲಿ ಎರಡು ಕೆಲಸಗಳಿವೆ, ಎರಡನ್ನೂ ಕಲಸಬಾರದು. ಡಿಸ್ಕ್ ರಿಪೇರಿ ಒಂದು, ಅದರೊಳಗಿರುವುದನ್ನು ಹೊರಗೆ ತೆಗೆಯುವುದು ಇನ್ನೊಂದು. ರಿಪೇರಿ ಎಂದರೆ ಡಿಸ್ಕಿನ ಮೇಲೆ ಏನನ್ನಾದರೂ ಬರೆಯಲೇಬೇಕು. ಹೊರತೆಗೆಯಲು ಓದಿದರೆ ಸಾಕು. ‘ರಿಪೇರಿ’ ಎಂಬ ಬಟನ್ ಎಲ್ಲೇ ಕಂಡರೂ ಅದು ಮೊದಲನೆಯ ಕೆಲಸಕ್ಕೆ ಸೇರಿದ್ದು. ಡಿಸ್ಕ್ ಮತ್ತೆ ಚೆನ್ನಾಗಿ ಕೆಲಸ ಮಾಡತೊಡಗಿ, ಒಳಗಿದ್ದದ್ದೆಲ್ಲ ಮಾಯವಾಗಿರುವುದು ಸಾಮಾನ್ಯ ಸಂಗತಿ. ಎಷ್ಟೋ ಸಲ ಫೈಲುಗಳು ನಷ್ಟವಾಗುವುದು ಡಿಸ್ಕ್ ಕೆಟ್ಟ ಗಳಿಗೆಯಲ್ಲಲ್ಲ, ಅದರ ನಂತರದ ಅರ್ಧ ಗಂಟೆಯಲ್ಲಿ.

ಮೊದಲು ಕೇಬಲ್, ಆಮೇಲೆ ಕಿವಿ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಕೇಬಲ್ ಕೆಟ್ಟಿದ್ದಕ್ಕೆ ಡಿಸ್ಕ್ ಫಾರ್ಮ್ಯಾಟ್ ಮಾಡಿಕೊಂಡವರು ಬಹಳ ಮಂದಿ. ಅಂಗೈಯಗಲದ 2.5 ಇಂಚಿನ ಪೋರ್ಟಬಲ್ ಡಿಸ್ಕುಗಳಲ್ಲಿ ಹೆಚ್ಚಿನವಕ್ಕೆ ಇರುವುದು ಮೈಕ್ರೋ-ಬಿ ಎಂಬ ಅಗಲವಾದ, ಎರಡು ಭಾಗದ ಕನೆಕ್ಟರ್. ಅದನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಭಾಗ ಹಳೆಯ ಮೊಬೈಲ್ ಚಾರ್ಜರಿನ ಪಿನ್ನಿನಷ್ಟೇ ಇರುತ್ತದೆ, ಪಕ್ಕದಲ್ಲಿ ಇನ್ನೊಂದು ಪುಟ್ಟ ಭಾಗ. ಯುಎಸ್‌ಬಿ 2ರ ತಂತಿಗಳು ದೊಡ್ಡ ಭಾಗದಲ್ಲಿ, ಯುಎಸ್‌ಬಿ 3ರ ವೇಗದ ತಂತಿಗಳು ಚಿಕ್ಕದರಲ್ಲಿ. ಚಿಕ್ಕದು ಸಡಿಲವಾದರೆ ಡಿಸ್ಕ್ ಕಾಣಿಸುತ್ತದೆ, ಆದರೆ ತೆವಳುತ್ತದೆ. ದೊಡ್ಡದು ಸಡಿಲವಾದರೆ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಬ್ಯಾಗಿನಲ್ಲಿ ಕೇಬಲ್ ಸಿಕ್ಕಿಸಿಯೇ ಒಯ್ಯುವ ಅಭ್ಯಾಸವಿದ್ದರೆ ಡಿಸ್ಕಿನ ಕಡೆಯ ಸಾಕೆಟ್ಟೇ ಬೆಸುಗೆ ಬಿಟ್ಟಿರಬಹುದು. ಕರಾವಳಿಯ ಮಳೆಗಾಲ ಕಂಡ ಡಿಸ್ಕಾದರೆ ಪಿನ್ನುಗಳ ಮೇಲೆ ಹಸಿರು ಕಿಲುಬು ಇದೆಯೇ ನೋಡಿ. ಇದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಮೃದು ಬ್ರಷ್‌ನಿಂದ ಒರೆಸಿ, ಪೂರ್ತಿ ಆರಿದ ಮೇಲೆ ಸಿಕ್ಕಿಸಿ.

ಎರಡನೆಯದು ಕರೆಂಟ್. ಯುಎಸ್‌ಬಿ 2 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪ್, ಯುಎಸ್‌ಬಿ 3 ಕೊಡುವುದು 900. ನಿಂತಿರುವ ಮೋಟರನ್ನು ತಿರುಗಿಸಲು ಹೊರಟ ಆ ಮೊದಲ ಕ್ಷಣಗಳಲ್ಲಿ ಒಂದು 2.5 ಇಂಚಿನ ಡಿಸ್ಕ್ 1 ಆಂಪ್ ತನಕ ಎಳೆಯಬಹುದು. ಹೊಸದಿದ್ದಾಗ ಸ್ವಲ್ಪದರಲ್ಲೇ ನಿಭಾಯಿಸಿದ ಡಿಸ್ಕ್ ಐದು ವರ್ಷದ ಮೇಲೆ ಅದೇ ಪೋರ್ಟಿನಲ್ಲಿ ಎದ್ದೇಳದೆ ಇರಬಹುದು. ಹೀಗಾಗಿ ಹಬ್ ಬೇಡ, ಡೆಸ್ಕ್‌ಟಾಪಿನ ಮುಂಭಾಗದ ಪೋರ್ಟ್ ಬೇಡ, ಉದ್ದನೆಯ ಕೇಬಲ್ ಬೇಡ. ಹಿಂಬದಿಯ ಪೋರ್ಟಿಗೆ ಗಿಡ್ಡ ಕೇಬಲಿನಲ್ಲಿ ನೇರವಾಗಿ ಸಿಕ್ಕಿಸಿ. ಕೇಬಲನ್ನು ಇನ್ನೊಬ್ಬರ ಓಡುತ್ತಿರುವ ಡಿಸ್ಕಿನಿಂದ ಎರವಲು ತನ್ನಿ. ‘ಹೊಸ ಕೇಬಲ್’ ಎಂದಮಾತ್ರಕ್ಕೆ ಅದು ಒಳ್ಳೆಯದೆಂದು ನಂಬಬೇಡಿ.

ಮೇಜಿನ ಮೇಲಿಡುವ 3.5 ಇಂಚಿನ ಡಿಸ್ಕುಗಳಿಗೆ 12 ವೋಲ್ಟ್ ಅಡಾಪ್ಟರ್ ಬೇರೆ ಇರುತ್ತದೆ. ಸೊರಗಿದ ಅಡಾಪ್ಟರ್ ಮಲ್ಟಿಮೀಟರಿನಲ್ಲಿ ಸರಿಯಾಗಿ 12 ತೋರಿಸಿ, ಡಿಸ್ಕ್ ಹಚ್ಚಿದೊಡನೆ ಕುಸಿಯುತ್ತದೆ. ಇನ್ನೊಂದು ಎಡವಟ್ಟು ಎಂದರೆ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರನ್ನು ಇದಕ್ಕೆ ಚುಚ್ಚುವುದು. ಪಿನ್ ಎಷ್ಟೋ ಸಲ ಸರಿಯಾಗಿ ಹೊಂದಿಬಿಡುತ್ತದೆ. ಹಾಗಾದಾಗ ಡಿಸ್ಕಿನ ಸರ್ಕಿಟ್ ಬೋರ್ಡಿನಲ್ಲಿರುವ ಟಿವಿಎಸ್ ಡಯೋಡ್ ತಾನು ಶಾರ್ಟ್ ಆಗಿ ಉಳಿದದ್ದನ್ನು ಕಾಪಾಡಲು ನೋಡುತ್ತದೆ. ಡಿಸ್ಕ್ ಸಂಪೂರ್ಣ ಸತ್ತಂತೆ ಕಾಣುತ್ತದೆ, ಆದರೆ ಹಾನಿ ಅಷ್ಟಕ್ಕೇ ನಿಂತಿದ್ದರೆ ಸುಟ್ಟ ಡಯೋಡನ್ನು ಕಿತ್ತು ಸರಿಯಾದ ಅಡಾಪ್ಟರ್ ಹಚ್ಚಿದರೆ ಎದ್ದು ಕೂರುತ್ತದೆ. ಸೋಲ್ಡರಿಂಗ್ ಬಲ್ಲವರ ಕೈಯಲ್ಲಿ ಹತ್ತು ನಿಮಿಷದ ಕೆಲಸ. ಡಯೋಡ್ ಇಲ್ಲದೆ ಕಾಪಿ ಮಾಡಿಕೊಳ್ಳಬಹುದು, ಆ ಡಿಸ್ಕನ್ನು ಮುಂದೆ ಬಳಸಬಾರದು.

ಇನ್ನು ಕಿವಿ. ಡಿಸ್ಕನ್ನು ಮೇಜಿನ ಮೇಲೆ ಮಟ್ಟವಾಗಿಟ್ಟು ಫ್ಯಾನ್ ಆರಿಸಿ, ಕರೆಂಟ್ ಕೊಟ್ಟು ಕೇಳಿ. ಸಣ್ಣಗೆ ಏರುವ ಗುಂಯ್ ಸದ್ದು, ಒಂದೆರಡು ಬಾರಿ ಮೆಲುವಾದ ಟಕ್, ಆಮೇಲೆ ಸಮನಾದ ಶ್ರುತಿ: ಇದು ಆರೋಗ್ಯ. ಏರಿ, ಟಕ್ ಟಕ್ ಟಕ್ ಎಂದು ಒಂದೇ ಲಯದಲ್ಲಿ ಹೊಡೆದುಕೊಂಡು, ಕೊನೆಗೆ ತಿರುಗುವುದನ್ನೇ ನಿಲ್ಲಿಸಿದರೆ ಹೆಡ್ಡು ತನ್ನ ಜಾಗ ಹುಡುಕಲಾರದೆ ಒದ್ದಾಡುತ್ತಿದೆ. ತಿರುಗದೆ ಬರೀ ಬೀಪ್ ಬೀಪ್ ಎಂದರೆ ಒಂದೋ ಕರೆಂಟ್ ಸಾಲದು, ಇಲ್ಲವೇ ಹೆಡ್ಡು ತಟ್ಟೆಗೆ ಅಂಟಿ ಮೋಟರ್ ಸಿಕ್ಕಿಕೊಂಡಿದೆ. ಕೆರೆಯುವ ಸದ್ದು ಬಂದರೆ ಅದೇ ಕ್ಷಣ ಕೇಬಲ್ ಕಿತ್ತುಬಿಡಿ. ಸೇಫ್ಲಿ ರಿಮೂವ್ ಎಂಬ ಸಭ್ಯತೆಗೆ ಇಲ್ಲಿ ಸಮಯವಿಲ್ಲ. ಓಡುವ ಡಿಸ್ಕಿನ ಹೆಡ್ಡು ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಕೆರೆಯುವ ಸದ್ದೆಂದರೆ ಆ ಅಂತರ ಮುಗಿಯಿತು ಎಂದರ್ಥ. ಪ್ರತಿ ಸುತ್ತಿಗೂ ಒಳಗಿನ ಕಾಂತೀಯ ಲೇಪ ಪುಡಿಯಾಗುತ್ತದೆ, ಪುಡಿಯಾದದ್ದನ್ನು ಯಾವ ಲ್ಯಾಬೂ ಮರಳಿ ಅಂಟಿಸಲಾರದು.

ಡಿಸ್ಕ್ ಮ್ಯಾನೇಜ್‌ಮೆಂಟ್ ಏನು ಹೇಳುತ್ತದೆ

ಸದ್ದು ಸರಿಯಿದ್ದರೆ ವಿಂಡೋಸಿನಲ್ಲಿ ಸ್ಟಾರ್ಟ್ ಬಟನ್ನಿನ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಎಕ್ಸ್‌ಪ್ಲೋರರ್ ಬೇಡ. ಅದು ಡಿಸ್ಕ್ ಸಿಕ್ಕಿದೊಡನೆ ಚಿಕ್ಕಚಿತ್ರ ತಯಾರಿಸಲು ಹೊರಟು, ಕುಂಟುತ್ತಿರುವ ಡಿಸ್ಕನ್ನು ಓಡಿಸುತ್ತದೆ.

ಇಲ್ಲಿ ನೋಡಬೇಕಾದ್ದು ಮುಖ್ಯವಾಗಿ ಗಾತ್ರ. 1 ಟಿಬಿ ಡಿಸ್ಕ್ ವಿಂಡೋಸಿನ ಲೆಕ್ಕದಲ್ಲಿ 931 ಜಿಬಿ. ಅದು ಸರಿಯಾಗಿ ಕಾಣಿಸಿ, ಪಾರ್ಟಿಷನ್ (ಡಿಸ್ಕಿನ ವಿಭಾಗ) ಹೆಸರಿನ ಬಳಿ ‘ರಾ’ ಎಂದಿದ್ದರೆ ಡಿಸ್ಕ್ ಮಾತಾಡುತ್ತಿದೆ, ಫೈಲುಗಳನ್ನು ಜೋಡಿಸಿಟ್ಟ ಫೈಲ್ ಸಿಸ್ಟಂ ಮಾತ್ರ ಅರ್ಥವಾಗುತ್ತಿಲ್ಲ ಎಂದು ತಿಳಿಯಿರಿ. ಡಿಸ್ಕ್ ಪಟ್ಟಿಯಲ್ಲಿದ್ದೂ ಗಾತ್ರವೇ ಇಲ್ಲದೆ ‘ನಾಟ್ ಇನಿಷಿಯಲೈಸ್ಡ್’ ಎಂದಿದ್ದರೆ, ಉತ್ತರಿಸುತ್ತಿರುವುದು ಡಿಸ್ಕಿನ ಹೊರ ಡಬ್ಬಿಯೊಳಗಿನ ಯುಎಸ್‌ಬಿ ಚಿಪ್ ಮಾತ್ರ, ಅದರ ಹಿಂದಿನ ಡಿಸ್ಕ್ ಎದ್ದಿಲ್ಲ. ಆಗ ಇನಿಷಿಯಲೈಸ್ ಒತ್ತಿ ಪ್ರಯೋಜನವಿಲ್ಲ. ಗಾತ್ರ ಸರಿಯಿದ್ದೂ ಅದೇ ಸಂದೇಶ ಬಂದರೆ ಒತ್ತಲೇಬೇಡಿ, ಏಕೆಂದರೆ ಅದು ಹೊಸ ಪಾರ್ಟಿಷನ್ ಪಟ್ಟಿಯನ್ನು ಹಳೆಯದರ ಮೇಲೆ ಬರೆಯುತ್ತದೆ. 3 ಟಿಬಿ ಡಿಸ್ಕ್ 746 ಜಿಬಿ ಎಂದು ತೋರಿಸಿದರೆ ಗಾಬರಿ ಬೇಡ. ಅದನ್ನು ಹಳೆಯ ಡಾಕ್ (ಡಿಸ್ಕ್ ಚುಚ್ಚಿಡುವ ಸ್ಟ್ಯಾಂಡ್) ಅಥವಾ ಡಬ್ಬಿಗೆ ಹಾಕಿದ್ದೀರಿ, ಅದರ ಚಿಪ್ಪಿಗೆ 32 ಬಿಟ್ಟಿನಾಚೆ ಸೆಕ್ಟರ್ (ಡಿಸ್ಕಿನ ಪುಟ್ಟ ಖಾನೆ) ಎಣಿಸಲು ಬರುವುದಿಲ್ಲ. 2,794ರಲ್ಲಿ 2,048 ಕಳೆದು ನೋಡಿ, ಅದೇ 746. ಇಂಥ ಡಾಕಿನಲ್ಲಿ ‘ರಿಪೇರಿ’ ಶುರುಮಾಡಿದರೆ ಬರಹ ಎಲ್ಲಿ ಹೋಗಿ ಬೀಳುತ್ತದೆಂದು ಹೇಳಲಾಗದು.

ಕೆಡದೆಯೇ ಕೆಟ್ಟಂತೆ ಕಾಣುವ ಡಿಸ್ಕುಗಳೂ ಇವೆ. ಮ್ಯಾಕ್‌ನಲ್ಲಿ ಎಪಿಎಫ್‌ಎಸ್ ಅಥವಾ ಎಚ್‌ಎಫ್‌ಎಸ್ ಪ್ಲಸ್ ಎಂಬ ಆಪಲ್ ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕನ್ನು ವಿಂಡೋಸಿಗೆ ಹಚ್ಚಿದರೂ ಅದೇ ಫಾರ್ಮ್ಯಾಟ್ ಪ್ರಶ್ನೆ ಬರುವುದುಂಟು. ಟಿವಿಯಲ್ಲಿ ಕಾರ್ಯಕ್ರಮ ರೆಕಾರ್ಡ್ ಮಾಡಲು ಹಚ್ಚಿದ ಡಿಸ್ಕಿಗೂ ಹಾಗೆಯೇ. ಆದರೆ ಆ ಟಿವಿ ಮೊದಲೇ ಅದನ್ನು ತನ್ನ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿಯಾಗಿರುತ್ತದೆ. ಡ್ರೈವ್ ಅಕ್ಷರವೊಂದು ಸಿಗದೆ ಕಾಣದಾಗಿರುವ ಡಿಸ್ಕಿಗೆ ರೈಟ್ ಕ್ಲಿಕ್ ಮಾಡಿ ಅಕ್ಷರ ಕೊಟ್ಟರೆ ಮುಗಿಯಿತು. ಮ್ಯಾಕ್‌ನಲ್ಲಿ ಎಕ್ಸ್‌ಫ್ಯಾಟ್ ಡಿಸ್ಕನ್ನು ಇಜೆಕ್ಟ್ ಮಾಡದೆ ಕಿತ್ತಿದ್ದರೆ, ಮುಂದಿನ ಸಲ ಹಚ್ಚಿದಾಗ ಅದು ಹಿನ್ನೆಲೆಯಲ್ಲಿ ಸದ್ದಿಲ್ಲದೆ ತಪಾಸಣೆ ನಡೆಸುತ್ತಿರುತ್ತದೆ. ಅದು ಮುಗಿಯುವ ತನಕ ಡಿಸ್ಕ್ ಡೆಸ್ಕ್‌ಟಾಪಿನಲ್ಲಿ ಮೂಡುವುದಿಲ್ಲ. ದೊಡ್ಡ ಡಿಸ್ಕಾದರೆ ಗಂಟೆಗಟ್ಟಲೆ ಆಗಬಹುದು. ಮತ್ತೆ ಮತ್ತೆ ಕಿತ್ತು ಹಚ್ಚಿದಷ್ಟೂ ಆ ಕೆಲಸ ಮೊದಲಿನಿಂದ ಶುರು.

ಸ್ಮಾರ್ಟ್ ಪಟ್ಟಿಯ ನಾಲ್ಕು ಸಾಲು

ಗಾತ್ರ ಸರಿಯಾಗಿ ಕಾಣುವ ಡಿಸ್ಕಿಗೆ ಮುಂದಿನ ಪ್ರಶ್ನೆ: ತಟ್ಟೆಯ ಮೇಲ್ಮೈ ಗಟ್ಟಿಯಿದೆಯೇ? ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಅದರ ಸ್ಮಾರ್ಟ್ ಪಟ್ಟಿಯನ್ನು, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಲೆಕ್ಕವನ್ನು, ತೋರಿಸುತ್ತದೆ. ಲಿನಕ್ಸಿನಲ್ಲಿ ಇದೇ ಕೆಲಸಕ್ಕೆ ಸ್ಮಾರ್ಟ್‌ಸಿಟಿಎಲ್ ಇದೆ. ನೀಲಿಯೋ ಹಳದಿಯೋ ಎಂಬ ಬಣ್ಣವನ್ನು ಮಾತ್ರ ನೋಡಿ ಮುಚ್ಚಬೇಡಿ, ನಾಲ್ಕು ಸಾಲುಗಳ ‘ರಾ’ ಮೌಲ್ಯವನ್ನು, ಅಂದರೆ ನೇರ ಎಣಿಕೆಯನ್ನು, ಓದಿ. 05 ಎಂದರೆ ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರುಗಳು. ಸಿ5 ಎಂದರೆ ಓದಲಾಗದೆ ಅತಂತ್ರವಾಗಿ ನಿಂತ ಸೆಕ್ಟರುಗಳು. ಸಿ6 ಎಂದರೆ ಡಿಸ್ಕ್ ತಾನೇ ಪರೀಕ್ಷಿಸಿಯೂ ಸರಿಪಡಿಸಲಾಗದವು. ಸಿ7 ಬೇರೆ ಜಾತಿಯದು, ಬೋರ್ಡಿಗೂ ಡಬ್ಬಿಯ ಚಿಪ್ಪಿಗೂ ನಡುವಿನ ಸಂಪರ್ಕದ ತಪ್ಪುಗಳನ್ನು ಎಣಿಸುತ್ತದೆ. ಅದೊಂದೇ ಏರುತ್ತಿದ್ದರೆ ತಟ್ಟೆಯನ್ನು ದೂರಬೇಡಿ. ಈ ತಂತ್ರಾಂಶ ಅಂಕಿಗಳನ್ನು ಮೊದಲಿಗೆ ಹೆಕ್ಸಾಡೆಸಿಮಲ್‌ನಲ್ಲಿ ತೋರಿಸುತ್ತದೆ ಎಂಬುದೂ ನೆನಪಿರಲಿ. ಅಲ್ಲಿನ 10 ಎಂದರೆ ನಮ್ಮ 16.

ಇವುಗಳಲ್ಲಿ ಸಿ5 ಸಾಲಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಒಂದು ಸೆಕ್ಟರ್ ಓದಲು ಬಾರದಾಗ ಡಿಸ್ಕ್ ಅದನ್ನು ಕೂಡಲೇ ಬಿಟ್ಟುಕೊಡುವುದಿಲ್ಲ. ಒಳಗಿನ ಮಾಹಿತಿ ಹೋದರೆ ಹೊಣೆ ಯಾರದು? ಹಾಗಾಗಿ ‘ಬಾಕಿ’ ಎಂದು ಬರೆದಿಟ್ಟು ಕಾಯುತ್ತದೆ. ಯಾರಾದರೂ ಅದೇ ಜಾಗಕ್ಕೆ ಹೊಸದನ್ನು ಬರೆದರೆ ಹಳೆಯದು ಬೇಡವಾಯಿತು ಎಂದು ಧೈರ್ಯ ಬರುತ್ತದೆ, ಆಗ ಅದನ್ನು ಸರಿಪಡಿಸಿಯೋ ಬದಲಿ ಕೊಟ್ಟೋ ಬಾಕಿ ಪಟ್ಟಿಯಿಂದ ಹೊಡೆದುಹಾಕುತ್ತದೆ. ‘ಫಾರ್ಮ್ಯಾಟ್ ಮಾಡಿದ ಮೇಲೆ ಡಿಸ್ಕ್ ಸರಿಹೋಯ್ತು’ ಎಂದು ಜನ ಹೇಳುವುದರ ಹಿಂದಿರುವುದು ಇದೇ. ವಿಸ್ಟಾದಿಂದ ಈಚೆಗೆ ವಿಂಡೋಸಿನ ಪೂರ್ಣ ಫಾರ್ಮ್ಯಾಟ್ ಇಡೀ ಪಾರ್ಟಿಷನ್ನಿಗೆ ಸೊನ್ನೆ ತುಂಬುತ್ತದೆ. ಬಾಕಿ ಸೆಕ್ಟರುಗಳೆಲ್ಲ ತೀರುತ್ತವೆ, ಸಿ5 ಸೊನ್ನೆಗೆ ಇಳಿಯುತ್ತದೆ, ಡಿಸ್ಕ್ ನೀಲಿ ಬಣ್ಣಕ್ಕೆ ತಿರುಗುತ್ತದೆ, ಮದುವೆಯ ಫೋಟೊ ಹೋಗಿರುತ್ತದೆ.

ಸಿ5 ಸೊನ್ನೆಯಲ್ಲದಿದ್ದರೆ, ಅಥವಾ ಕಾಪಿ ಮಾಡುವಾಗ ‘ಸೈಕ್ಲಿಕ್ ರಿಡಂಡೆನ್ಸಿ ಚೆಕ್’ ಎಂಬ ದೂರು ಬಂದರೆ, ವಿಂಡೋಸಿನ ತಪಾಸಣೆ ಸಾಧನವಾದ ಚೆಕ್‌ಡಿಸ್ಕ್ ಮುಟ್ಟಬೇಡಿ. ಅದನ್ನು ‘/ಆರ್’ ಹಾಕಿ ಓಡಿಸಿ ಎಂಬ ಸಲಹೆ ಅಂತರ್ಜಾಲದ ತುಂಬ ಸಿಗುತ್ತದೆ. ಚೆಕ್‌ಡಿಸ್ಕಿಗೆ ನಿಮ್ಮ ಫೈಲುಗಳ ಬಗ್ಗೆ ಮಮತೆಯಿಲ್ಲ. ಅದಕ್ಕೆ ಬೇಕಾದ್ದು ಫೈಲ್ ಸಿಸ್ಟಂನ ಲೆಕ್ಕ ತಾಳೆಯಾಗುವುದು. ತಾಳೆಯಾಗದ ದಾಖಲೆಗಳನ್ನು ಅಳಿಸುತ್ತದೆ, ತಂದೆತಾಯಿ ಇಲ್ಲದ ತುಣುಕುಗಳನ್ನು ಫೌಂಡ್.000 ಎಂಬ ಅಡಗಿದ ಫೋಲ್ಡರಿಗೆ ಸುರಿಯುತ್ತದೆ, ಓದಲಾಗದ ಕ್ಲಸ್ಟರನ್ನು (ಸೆಕ್ಟರುಗಳ ಗುಂಪನ್ನು) ಬ್ಯಾಡ್ ಎಂದು ಗುರುತಿಸಿ ಫೈಲಿಗೆ ಬೇರೆ ಜಾಗ ಕೊಡುತ್ತದೆ. ಇದೆಲ್ಲವನ್ನೂ ಸಾಯುತ್ತಿರುವ ಡಿಸ್ಕಿನ ಮೇಲೆಯೇ ಬರೆಯುತ್ತದೆ. ಗಟ್ಟಿಮುಟ್ಟಾದ ಡಿಸ್ಕಿನಲ್ಲಿ ಕರೆಂಟ್ ಹೋಗಿ ಆದ ಸಣ್ಣ ಗೊಂದಲಕ್ಕೆ ಅದು ಒಳ್ಳೆಯ ಸಾಧನ, ಅದೂ ಬ್ಯಾಕಪ್ ಇದ್ದರೆ. ಇನ್ನೆಲ್ಲ ಕಡೆ ಅದರ ಸರದಿ ಕೊನೆಗೆ, ನಕಲಿನ ಮೇಲೆ ಮಾತ್ರ.

ನಕಲು ತೆಗೆಯುವುದು

ಕಾಪಿ-ಪೇಸ್ಟ್ ಇಲ್ಲಿ ನಡೆಯದು. ಎಕ್ಸ್‌ಪ್ಲೋರರ್ ಫೈಲಿನಿಂದ ಫೈಲಿಗೆ ಹೋಗುತ್ತದೆ, ಕೆಟ್ಟ ಜಾಗ ಸಿಕ್ಕಿದಾಗ ಅಲ್ಲೇ ಕೂತು ಮತ್ತೆ ಮತ್ತೆ ಕೇಳುತ್ತದೆ. ಒಂದೊಂದು ಸೆಕ್ಟರಿಗೆ ಡಿಸ್ಕ್ ಹಲವು ಸೆಕೆಂಡ್ ಹೆಣಗಬಹುದು. ಬೇಕಾದ್ದು ಒಳ್ಳೆಯ ಜಾಗವನ್ನೆಲ್ಲ ಮೊದಲು ಬಾಚಿಕೊಂಡು, ಕೆಟ್ಟದ್ದನ್ನು ಕೊನೆಗೆ ಮುಟ್ಟುವ ಸಾಧನ. ಗ್ನೂ ಡಿಡಿರೆಸ್ಕ್ಯೂ ಅದನ್ನೇ ಮಾಡುತ್ತದೆ, ದುಡ್ಡಿಲ್ಲ. ಸಿಸ್ಟಂರೆಸ್ಕ್ಯೂ ಎಂಬ ಲೈವ್ ಲಿನಕ್ಸನ್ನು ಪೆನ್‌ಡ್ರೈವಿಗೆ ಹಾಕಿಕೊಂಡರೆ ಅದರೊಳಗೇ ಇರುತ್ತದೆ.

ಮೊದಲು ಮೂರು ಜಾಗ ಸಿದ್ಧ ಮಾಡಿಕೊಳ್ಳಿ: ಕೆಟ್ಟ ಡಿಸ್ಕ್, ಅದಕ್ಕಿಂತ ದೊಡ್ಡ ಒಳ್ಳೆಯ ಡಿಸ್ಕ್, ಮತ್ತು ಮ್ಯಾಪ್‌ಫೈಲ್ ಇಡಲು ಒಂದು ಪೆನ್‌ಡ್ರೈವ್. ಮ್ಯಾಪ್‌ಫೈಲ್ ಎಂದರೆ ಎಲ್ಲಿಯ ತನಕ ಓದಿಯಾಯಿತು, ಎಲ್ಲಿ ಬಿಟ್ಟಿತು ಎಂಬ ದಾಖಲೆ. ಅದಿದ್ದರೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯಬಹುದು. ಲೈವ್ ಲಿನಕ್ಸಿನ ಮೆಮೊರಿಯಲ್ಲಿ ಇಟ್ಟರೆ ಮಷೀನ್ ಆರಿದಾಗ ಅದೂ ಆರಿತು. ನಕಲನ್ನು ಡಿಸ್ಕಿಂದ ಡಿಸ್ಕಿಗೆ ನೇರವಾಗಿ ತೆಗೆಯಬಹುದು, ದೊಡ್ಡದೊಂದು ಇಮೇಜ್ ಫೈಲಾಗಿಯೂ ತೆಗೆಯಬಹುದು. ಹೊಸಬರಿಗೆ ಎರಡನೆಯದೇ ಕ್ಷೇಮ. ಡಿಸ್ಕಿಂದ ಡಿಸ್ಕಿಗೆ ತೆಗೆಯುವಾಗ ಮೂಲ ಯಾವುದು, ಗುರಿ ಯಾವುದು ಎಂಬುದು ತಿರುವುಮುರುವಾದರೆ ಒಳ್ಳೆಯ ಡಿಸ್ಕಿನ ಖಾಲಿತನ ಕೆಟ್ಟ ಡಿಸ್ಕಿನ ಮೇಲೆ ನಕಲಾಗುತ್ತದೆ. ಆಜ್ಞೆ ಕೊಡುವ ಮೊದಲು ಡಿಸ್ಕುಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆ ಆಜ್ಞೆಯನ್ನು ‘-ಒ ನೇಮ್,ಮಾಡೆಲ್,ಸೀರಿಯಲ್,ಸೈಜ್’ ಎಂದು ಓಡಿಸಿ ಮಾದರಿ, ಸೀರಿಯಲ್ ನಂಬರ್, ಗಾತ್ರ ಮೂರನ್ನೂ ಡಿಸ್ಕಿನ ಮೇಲಿನ ಲೇಬಲ್ ಜೊತೆ ತಾಳೆ ನೋಡಿ. ಇಮೇಜ್ ಇಡುವ ಡಿಸ್ಕ್ ಫ್ಯಾಟ್32 ಆಗಿರಬಾರದು, ಅಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ನಿಲ್ಲುವುದಿಲ್ಲ. ಕೆಟ್ಟ ಡಿಸ್ಕನ್ನು ಮೌಂಟ್ ಮಾಡಬೇಡಿ, ಅಂದರೆ ಅದರ ಫೈಲುಗಳನ್ನು ನೋಡಲು ತೆರೆಯಬೇಡಿ.

ಮೊದಲ ಸುತ್ತಿಗೆ ‘-ಡಿ -ಎನ್’ ಎಂಬೆರಡು ಆಯ್ಕೆ ಕೊಡಿ. ಡಿ ಎಂದರೆ ಲಿನಕ್ಸಿನ ಕ್ಯಾಷ್ ಬಿಟ್ಟು ನೇರವಾಗಿ ಓದು, ಎನ್ ಎಂದರೆ ಕೆಟ್ಟ ಜಾಗವನ್ನು ಕೆರೆಯಲು ಹೋಗಬೇಡ. ಸೆಕೆಂಡಿಗೆ 100 ಎಂಬಿ ವೇಗ ಸಿಕ್ಕಿದರೆ 1 ಟಿಬಿಗೆ ಎರಡೂಮುಕ್ಕಾಲು ಗಂಟೆ. ಯುಎಸ್‌ಬಿ 2ಕ್ಕೆ ಇಳಿದಿದ್ದರೆ ಎಂಟೊಂಬತ್ತು ಗಂಟೆ. ಪರದೆಯ ಮೇಲೆ ‘ರೆಸ್ಕ್ಯೂಡ್’ ಶೇಕಡಾವಾರು ಏರುತ್ತಾ ಹೋಗುವುದನ್ನು ನೋಡುವಾಗ ಇನ್ನೆರಡು ಸಂಗತಿಗಳ ಮೇಲೂ ಕಣ್ಣಿರಲಿ. ‘ರೀಡ್ ಎರರ್ಸ್’ ಒಮ್ಮೆಗೇ ಸರಸರ ಏರತೊಡಗಿ ಓದುವ ವೇಗ ಸೊನ್ನೆಯಾದರೆ, ಬಹುಪಾಲು ಸಲ ಡಿಸ್ಕ್ ಯುಎಸ್‌ಬಿಯಿಂದ ಉದುರಿಹೋಗಿದೆ ಎಂದರ್ಥ. ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿ, ಡಿಸ್ಕ್ ಕಿತ್ತು ತಣ್ಣಗಾಗಲು ಬಿಡಿ, ಮತ್ತೆ ಹಚ್ಚಿ ಮುಂದುವರಿಸಿ. ಮರಳಿ ಹಚ್ಚಿದಾಗ ಅದಕ್ಕೆ ಬೇರೆ ಹೆಸರು ಬಂದಿರಬಹುದು, ನೋಡಿಕೊಳ್ಳಿ. ಎರಡನೆಯದು, ಒಂದಿಷ್ಟು ಚೆನ್ನಾಗಿ ಓದಿ, ಒಂದಿಷ್ಟು ಪೂರ್ತಿ ಬಿಟ್ಟು, ಮತ್ತೆ ಚೆನ್ನಾಗಿ ಓದುವ ಪಟ್ಟೆಪಟ್ಟೆ ಕಂಡರೆ ಅದು ಮೇಲ್ಮೈ ದೋಷವಲ್ಲ. ಹಲವು ಹೆಡ್ಡುಗಳಲ್ಲಿ ಒಂದು ಹೋಗಿದೆ, ಅದರ ಸರದಿ ಬಂದಾಗಲೆಲ್ಲ ಕುರುಡು. ಅಲ್ಲಿಗೆ ಮನೆಮದ್ದು ನಿಲ್ಲಿಸಬೇಕು.

ಹಾಗೇನೂ ಇಲ್ಲದೆ ಮೊದಲ ಸುತ್ತಿಗೇ 99ಕ್ಕಿಂತ ಹೆಚ್ಚು ಶೇಕಡಾ ಬಂದರೆ, ಅದೇ ಮ್ಯಾಪ್‌ಫೈಲ್ ಇಟ್ಟುಕೊಂಡು ‘-ಡಿ -ಆರ್3’ ಎಂದು ಎರಡನೇ ಸುತ್ತು ಹೊಡೆಯಿರಿ. ಉಳಿದ ಕೆಟ್ಟ ಜಾಗಗಳನ್ನು ಮೂರು ಬಾರಿ ಪ್ರಯತ್ನಿಸುತ್ತದೆ. ಅದು ಮುಗಿದ ಮೇಲೆ ಮೂಲ ಡಿಸ್ಕನ್ನು ಪಕ್ಕಕ್ಕಿಡಿ. ಇನ್ನು ಮುಂದೆ ಏನೇ ಮಾಡಿದರೂ ನಕಲಿನ ಮೇಲೆ. ತಪ್ಪಿದರೆ ಮತ್ತೊಂದು ನಕಲು ಮಾಡಿಕೊಳ್ಳಬಹುದು.

ಬೂಟ್ ಸೆಕ್ಟರ್, ಪಟ್ಟಿ, ತುಣುಕು

ನಕಲಿನಲ್ಲಿ ‘ರಾ’ ಎನ್ನುವ ಎನ್‌ಟಿಎಫ್‌ಎಸ್ (ವಿಂಡೋಸಿನ ಮಾಮೂಲಿ ಫೈಲ್ ಸಿಸ್ಟಂ) ಪಾರ್ಟಿಷನ್ನಿಗೆ ಬಹಳ ಸಲ ಹೋಗಿರುವುದು ಬೂಟ್ ಸೆಕ್ಟರ್ ಎಂಬ ಮೊದಲ ಸೆಕ್ಟರ್ ಒಂದೇ. ಸರಿಯಿದ್ದರೆ ಅದು ಇಬಿ 52 90 ಎಂಬ ಮೂರು ಬೈಟುಗಳಿಂದ ಶುರುವಾಗಿ, ಪಕ್ಕದಲ್ಲೇ ಎನ್‌ಟಿಎಫ್‌ಎಸ್ ಎಂಬ ನಾಲ್ಕಕ್ಷರ ಓದಲು ಸಿಗುತ್ತದೆ. ಇದರ ಇನ್ನೊಂದು ಪ್ರತಿಯು ಪಾರ್ಟಿಷನ್ನಿನ ಕಟ್ಟಕಡೆಯ ಸೆಕ್ಟರಿನಲ್ಲಿ ಇರುತ್ತದೆ. ಫ್ಯಾಟ್32ರಲ್ಲಿ ಆ ಪ್ರತಿ ಇರುವುದು 6ನೇ ಸೆಕ್ಟರಿನಲ್ಲಿ, ಎಕ್ಸ್‌ಫ್ಯಾಟ್‌ನಲ್ಲಿ 12ನೆಯದರಿಂದ. ಟೆಸ್ಟ್‌ಡಿಸ್ಕ್ ಎಂಬ ತಂತ್ರಾಂಶ ತೆರೆದು ಅಡ್ವಾನ್ಸ್‌ಡ್, ಆಮೇಲೆ ಬೂಟ್ ಆರಿಸಿದರೆ ಎರಡನ್ನೂ ಹೋಲಿಸಿ ಹೇಳುತ್ತದೆ. ಮೊದಲನೆಯದು ಬ್ಯಾಡ್, ಪ್ರತಿ ಓಕೆ ಎಂದು ಬಂದರೆ ‘ಬ್ಯಾಕಪ್ ಬಿಎಸ್’ ಒತ್ತಿ. ಒಂದು ಸೆಕ್ಟರಿನ ಬರಹಕ್ಕೆ ಇಡೀ ಡಿಸ್ಕ್ ಹೆಸರು, ಫೋಲ್ಡರ್, ದಿನಾಂಕ ಸಮೇತ ಮರಳಿ ಬರುವುದುಂಟು. ಪಾರ್ಟಿಷನ್ನೇ ಕಾಣೆಯಾಗಿದ್ದರೆ ಅನಲೈಸ್, ಕ್ವಿಕ್ ಸರ್ಚ್ ಮಾಡಿ, ಸಿಕ್ಕಿದ ಸಾಲಿನ ಮೇಲೆ ‘ಪಿ’ ಒತ್ತಿ ಫೈಲುಗಳನ್ನು ನೋಡಿ. ಹೆಸರುಗಳು ಸರಿಯಾಗಿ ಕಂಡ ಮೇಲಷ್ಟೇ ‘ರೈಟ್’.

ಬೂಟ್ ಸೆಕ್ಟರಿಗಿಂತ ಆಳಕ್ಕೆ ಪೆಟ್ಟು ಬಿದ್ದಿದ್ದರೆ ಡಿಎಂಡಿಇ ಎಂಬ ತಂತ್ರಾಂಶ ಒಳ್ಳೆಯದು. ಅದು ಉಳಿದಿರುವ ಎಂಎಫ್‌ಟಿ (ಎನ್‌ಟಿಎಫ್‌ಎಸ್ ಇಡುವ ಫೈಲುಗಳ ಪಟ್ಟಿ) ದಾಖಲೆಗಳನ್ನು ಹುಡುಕಿ ಫೋಲ್ಡರ್ ಮರವನ್ನು ಮತ್ತೆ ಕಟ್ಟುತ್ತದೆ. ಉಚಿತ ಆವೃತ್ತಿಯಲ್ಲಿ ಒಂದು ಸಲಕ್ಕೆ ಒಂದು ಫೋಲ್ಡರಿನಿಂದ 4,000 ಫೈಲ್ ತೆಗೆಯಬಹುದು, ಮನೆಬಳಕೆಗೆ ತಾಳ್ಮೆಯಿದ್ದರೆ ಅಷ್ಟು ಸಾಕು. ಎನ್‌ಟಿಎಫ್‌ಎಸ್ ಹೆಸರುಗಳನ್ನು ಯೂನಿಕೋಡಿನಲ್ಲೇ ಇಡುವುದರಿಂದ ‘ಅಜ್ಜಿ ಮನೆ ಜಾತ್ರೆ’ ಎಂದು ಕನ್ನಡದಲ್ಲಿ ಕೊಟ್ಟ ಫೋಲ್ಡರ್ ಹೆಸರೂ ಹಾಗೇ ಬರುತ್ತದೆ.

ಪಟ್ಟಿಯೇ ನಾಶವಾಗಿದ್ದರೆ ಉಳಿಯುವುದು ಫೋಟೊರೆಕ್ ಎಂಬ ತಂತ್ರಾಂಶ. ಅದು ಹೆಸರು, ಫೋಲ್ಡರ್ ಕೇಳುವುದಿಲ್ಲ, ಇಂಥ ಬೈಟುಗಳಿಂದ ಜೆಪೆಗ್ ಶುರುವಾಗುತ್ತದೆ ಎಂಬ ಗುರುತಿನ ಮೇಲೆ ತುಣುಕು ಹೆಕ್ಕುತ್ತದೆ. ಫೋಟೊಗಳು ಚೆನ್ನಾಗಿ ಸಿಗುತ್ತವೆ, ಉದ್ದದ ವಿಡಿಯೊ ಸಿಗುವುದು ಕಷ್ಟ. 20 ಜಿಬಿಯ ಮದುವೆ ವಿಡಿಯೊ ಡಿಸ್ಕಿನಲ್ಲಿ ಒಂದೇ ಕಡೆ ಸಾಲಾಗಿ ಕೂತಿರುವುದಿಲ್ಲ, ಜೊತೆಗೆ ಎಂಪಿ4ನ ಸೂಚಿ ಬಹಳ ಸಲ ಕಡೆಯಲ್ಲಿರುತ್ತದೆ. ಸೂಚಿ ಸಿಗದಿದ್ದರೆ ಉಳಿದದ್ದು ಸಿಕ್ಕರೂ ಪ್ಲೇಯರ್ ತೆರೆಯುವುದಿಲ್ಲ.

ಇನ್ನೊಂದು ಕಹಿ ಸಂಗತಿ. ‘ಕ್ವಿಕ್ ಫಾರ್ಮ್ಯಾಟ್ ಆದರೆ ಏನೂ ಹೋಗಲ್ಲ, ತೆಗೀಬಹುದು’ ಎಂಬ ಹಳೆಯ ಭರವಸೆ ಈಗ ಪೂರ್ತಿ ನಿಜವಲ್ಲ. ಈಗಿನ ಪೋರ್ಟಬಲ್ ಡಿಸ್ಕುಗಳಲ್ಲಿ ಬಹಳಷ್ಟು ಎಸ್‌ಎಂಆರ್ ಜಾತಿಯವು, ಟ್ರ್ಯಾಕುಗಳನ್ನು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಜೋಡಿಸುವಂಥವು. ಅವುಗಳಲ್ಲಿ ಕೆಲವು ಎಸ್‌ಎಸ್‌ಡಿಯಂತೆ ಟ್ರಿಮ್ ಆಜ್ಞೆಯನ್ನೂ ಪಾಲಿಸುತ್ತವೆ. ಕ್ವಿಕ್ ಫಾರ್ಮ್ಯಾಟ್ ಮಾಡಿದ ತಕ್ಷಣ ವಿಂಡೋಸ್ ‘ಇದೆಲ್ಲ ಖಾಲಿ’ ಎಂದು ಹೇಳಿದರೆ, ಮುಂದೆ ಯಾರು ಓದಿದರೂ ಡಿಸ್ಕ್ ಸೊನ್ನೆಗಳನ್ನೇ ಕೊಡುತ್ತದೆ.

ಡಬ್ಬಿ ಬಿಚ್ಚುವ ಮೊದಲು

‘ಡಬ್ಬಿಯ ಚಿಪ್ ಹೋಗಿರಬೇಕು, ಡಿಸ್ಕ್ ತೆಗೆದು ನೇರ ಕಂಪ್ಯೂಟರಿಗೆ ಹಚ್ಚೋಣ’ ಎಂಬ ಯೋಚನೆ ಕೆಲವೊಮ್ಮೆ ಸರಿ. ಆದರೆ ವೆಸ್ಟರ್ನ್ ಡಿಜಿಟಲ್ಲಿನ ಮೈ ಪಾಸ್‌ಪೋರ್ಟ್‌ನ ಹಲವು ಮಾದರಿಗಳಲ್ಲಿ ಕಂಪ್ಯೂಟರಿಗೆ ನೇರ ಹಚ್ಚುವ ಸಾಟಾ ಕನೆಕ್ಟರೇ ಇಲ್ಲ, ಯುಎಸ್‌ಬಿ ಸಾಕೆಟ್ ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತದೆ. ಮೇಲಾಗಿ ಮೈ ಪಾಸ್‌ಪೋರ್ಟ್, ಮೈ ಬುಕ್ ಸಾಲಿನ ಅನೇಕ ಮಾದರಿಗಳು ನೀವು ಪಾಸ್‌ವರ್ಡ್ ಹಾಕದಿದ್ದರೂ ಚಿಪ್ಪಿನಲ್ಲೇ ಎನ್‌ಕ್ರಿಪ್ಟ್ ಮಾಡಿ ಬರೆಯುತ್ತವೆ. ಬೇರೆ ಡಬ್ಬಿಗೆ ಹಾಕಿದರೆ ಓದಲು ಸಿಗುವುದು ಬರೀ ಕಸ. ಹಾಗಾಗಿ ಹಳೆಯ ಡಬ್ಬಿಯ ಬೋರ್ಡನ್ನು ಎಸೆಯಬೇಡಿ. ಎನ್‌ಕ್ರಿಪ್ಷನ್ ಇಲ್ಲದ 3 ಟಿಬಿ, 4 ಟಿಬಿ ಡಬ್ಬಿಗಳಲ್ಲೂ ಕೆಲವು ಚಿಪ್‌ಗಳು 512 ಬೈಟಿನ ಸೆಕ್ಟರುಗಳನ್ನು 4,096 ಎಂದು ತೋರಿಸುತ್ತವೆ. ನೇರ ಹಚ್ಚಿದಾಗ ಲೆಕ್ಕ ಎಂಟು ಪಟ್ಟು ತಪ್ಪಿ ಪಾರ್ಟಿಷನ್ ಕಾಣೆಯಾಗುತ್ತದೆ, ಮರಳಿ ಡಬ್ಬಿಗೆ ಹಾಕಿದರೆ ಪ್ರತ್ಯಕ್ಷ. ಸುಟ್ಟ ಬೋರ್ಡಿಗೆ ಅದೇ ಮಾದರಿಯ ಇನ್ನೊಂದು ಡಿಸ್ಕಿನ ಬೋರ್ಡ್ ಜೋಡಿಸುವುದೂ ಈಗ ನಡೆಯದು. ಆ ಡಿಸ್ಕಿನ ಹೆಡ್ಡುಗಳಿಗೆ ಮಾತ್ರ ಹೊಂದುವ ಅಳತೆಗಳು ಬೋರ್ಡಿನ ರೋಮ್ ಚಿಪ್ಪಿನಲ್ಲಿರುತ್ತವೆ, ಅದನ್ನೂ ಕಿತ್ತು ಹೊಸದಕ್ಕೆ ಬೆಸೆಯಬೇಕು.

ಫ್ರೀಜರಿನಲ್ಲಿಡುವ ಸಲಹೆ ಇನ್ನೂ ಓಡಾಡುತ್ತಿದೆ. ಹೊರತೆಗೆದ ತಣ್ಣನೆಯ ಡಿಸ್ಕಿನೊಳಗೆ ನಮ್ಮ ಹವೆಯ ತೇವ ಇಬ್ಬನಿಯಾಗಿ ಕೂರುತ್ತದೆ, ಹೆಡ್ಡು ಅದರ ಮೇಲೆ ಇಳಿಯುತ್ತದೆ. ಮೇಜಿಗೆ ತಟ್ಟುವುದು, ಮುಚ್ಚಳ ಬಿಚ್ಚಿ ಬೆರಳಿನಿಂದ ತಿರುಗಿಸುವುದು ಅದೇ ಪಂಗಡದವು. ಟಕ್ ಟಕ್ ಎನ್ನುವ ಡಿಸ್ಕನ್ನು ಹೆಡ್ ಬದಲಿಸುವ ಲ್ಯಾಬಿಗೆ ಕೊಡಬೇಕು, ಇಲ್ಲವೇ ಹಾಗೇ ಇಡಬೇಕು. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಡಿಸ್ಕ್ ಮಾರುವ, ರಿಪೇರಿ ಮಾಡುವ ಅಂಗಡಿಗಳು ಸಾಲುಸಾಲು. ಎಲ್ಲೇ ಕೊಟ್ಟರೂ ಮೊದಲೇ ಕೇಳಿ: ಮುಚ್ಚಳ ತೆರೆಯುವುದಾದರೆ ಧೂಳಿಲ್ಲದ ಕ್ಯಾಬಿನೆಟ್ ಇದೆಯೇ, ಕೆಲಸಕ್ಕೆ ಮೊದಲು ನಕಲು ತೆಗೆಯುತ್ತೀರಾ, ಏನೂ ಸಿಗದಿದ್ದರೆ ಶುಲ್ಕ ಎಷ್ಟು, ಮೂಲ ಡಿಸ್ಕ್ ವಾಪಸ್ ಕೊಡುತ್ತೀರಾ. ಒಮ್ಮೆ ಬಯಲಲ್ಲಿ ತೆರೆದ ಡಿಸ್ಕನ್ನು ಎರಡನೆಯ ಲ್ಯಾಬ್ ಮುಟ್ಟಲು ಹಿಂಜರಿಯುತ್ತದೆ.

ಕೊನೆಯದಾಗಿ, ಸಿಕ್ಕಿದ ಫೈಲುಗಳನ್ನು ಜಾಲಿಸುವಾಗ ಕನ್ನಡದವರು ಮಾಡುವ ಒಂದು ತಪ್ಪು. ಫೋಟೊರೆಕ್ ಹೆಕ್ಕಿದ ಸಾವಿರಾರು ಟೆಕ್ಸ್ಟ್ ಫೈಲುಗಳಲ್ಲಿ ಕೆಲವನ್ನು ತೆರೆದರೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆ ಹೊತ್ತ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಗೆರೆಯ ಎ, ಹೀಗೆ ಪುಟಗಟ್ಟಲೆ ಕಾಣುತ್ತದೆ. ಕರಪ್ಟ್ ಆಗಿದೆ ಎಂದು ಅಳಿಸಿಬಿಡುತ್ತಾರೆ. ಅದು ಕೆಟ್ಟ ಫೈಲಲ್ಲ, ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ, ಯೂನಿಕೋಡಿಗೆ ಮುಂಚಿನ ಆಸ್ಕಿ ಅಕ್ಷರಗಳು. ಪಿ ಮತ್ತು ಗೆರೆಯ ಎ ಸೇರಿದರೆ ‘ಕ’, ಪೌಂಡಿನ ಚಿಹ್ನೆ ಮತ್ತು ಗೆರೆಯ ಎ ಸೇರಿದರೆ ‘ನ’. ವರ್ಡ್ ಫೈಲಾದರೆ ಯಾವ ಫಾಂಟ್ ಎಂಬುದು ಅದರೊಳಗೇ ಬರೆದಿರುತ್ತದೆ, ಕಂಪ್ಯೂಟರಿನಲ್ಲಿ ನುಡಿ ಫಾಂಟ್ ಇಲ್ಲದಿದ್ದರೆ ಮಾತ್ರ ಹೀಗೆ ಕಾಣುತ್ತದೆ. ಬರೀ ಟೆಕ್ಸ್ಟ್ ಫೈಲಿನಲ್ಲಿ ಆ ಸುಳಿವೂ ಇರುವುದಿಲ್ಲ. ಎಲ್ಲವನ್ನೂ ಸೆಲೆಕ್ಟ್ ಮಾಡಿ ನುಡಿ 01 ಇ ಫಾಂಟ್ ಕೊಟ್ಟು ನೋಡಿ, ಅಥವಾ ಆಸ್ಕಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಹಾಕಿ. ಇಂಥ ಫೈಲುಗಳೊಳಗೆ ಒಂದು ಹೆಸರನ್ನು ಹುಡುಕುವುದಿದ್ದರೆ ಈಗಿನ ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡಿದರೆ ಏನೂ ಸಿಗದು. ನುಡಿಯನ್ನು ಆಸ್ಕಿಗೆ ಹಾಕಿಕೊಂಡು ಆ ಹೆಸರನ್ನು ಟೈಪ್ ಮಾಡಿ, ಬಂದದ್ದನ್ನು ಹುಡುಕುವ ಪೆಟ್ಟಿಗೆಗೆ ಹಾಗೇ ಪೇಸ್ಟ್ ಮಾಡಿ.